ಬಿಸಿಗೆ ಸೌದೆ, ಕರೆಂಟಿಗೆ ಬಿಸಿಲು: ಮನೆಯ ಇಂಧನ ಮನೆಯಲ್ಲೇ ಹೊಂದಿಸಿಕೊಳ್ಳಿ

ಮಂಡ್ಯ, ಮೈಸೂರು ಕಡೆ ಛಾವಣಿಗೆ ಸೋಲಾರ್ ಹಾಕಿಸುವವರು ಈಗ ಜಾಸ್ತಿಯಾಗಿದ್ದಾರೆ. ಮನೆಗೆ ಬರುವ ಏಜೆಂಟ್ ಮೊದಲು ಕೇಳುವುದೇ ‘ಎಷ್ಟು ಕಿಲೋವಾಟ್ ಹಾಕೋಣ ಸಾರ್?’ ಅಂತ. ಆ ಪ್ರಶ್ನೆ ಬರಬೇಕಾದದ್ದು ಕೊನೆಗೆ. ಮನೆಗೆ ಬೇಕಾಗುವುದು ಎರಡು ಬಗೆಯ ಶಕ್ತಿ. ಸ್ನಾನಕ್ಕೆ, ಅಡುಗೆಗೆ ಬೇಕಾದದ್ದು ಬಿಸಿ. ದೀಪ, ಫ್ಯಾನು, ಮಿಕ್ಸಿ, ಟಿವಿ, ಮೋಟಾರಿಗೆ ಕರೆಂಟೇ ಆಗಬೇಕು. ಬಿಸಿ ಮಾಡುವ ಕೆಲಸವನ್ನೂ ಪ್ಯಾನೆಲ್ ಮೇಲೆ ಹೊರಿಸಿದರೆ ಖರ್ಚು ಎರಡು ಪಟ್ಟಾಗುತ್ತದೆ. ಹಿತ್ತಲಲ್ಲಿ ನಾಲ್ಕು ತೆಂಗಿನ ಮರ, ಹೊಲದ ಬದುವಿನಲ್ಲಿ ಒಂದಿಷ್ಟು ಮರ ಇರುವ ಮನೆಗೆ ಆ ಖರ್ಚು ಬೇಕೇ ಇಲ್ಲ.

ಮೊದಲು ಲೆಕ್ಕ

ನಾಲ್ಕು ಜನರ ಸ್ನಾನಕ್ಕೆ 100 ಲೀಟರ್ ಬಿಸಿನೀರು ಅಂದುಕೊಳ್ಳಿ. 25 ಡಿಗ್ರಿಯ ನೀರನ್ನು 45 ಡಿಗ್ರಿಗೆ ತರಲು ಸುಮಾರು 2.3 ಯೂನಿಟ್ ಬೇಕು. ತಿಂಗಳಿಗೆ 70 ಯೂನಿಟ್ ಹತ್ತಿರವಾಯಿತು. ನಮ್ಮ ಕಡೆ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಆಸುಪಾಸು ಕೊಡುತ್ತದೆ. ಅಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಚ್ಚಲಿಗೇ ಹೋಯಿತು, ಅಲ್ವಾ?

ಇನ್ನು ಕರೆಂಟೇ ಬೇಕಾದ ಸಾಮಾನು ನೋಡೋಣ. 9 ವಾಟಿನ ಆರು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ ಕಾಲು ಯೂನಿಟ್. ಹಳೆಯ ಫ್ಯಾನು 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30 ವಾಟ್ ಹತ್ತಿರ. ಮೂರು ಫ್ಯಾನು ಎಂಟು ಗಂಟೆ ತಿರುಗಿದರೆ ಹಳೆಯದಕ್ಕೆ 1.8 ಯೂನಿಟ್, ಹೊಸದಕ್ಕೆ ಮುಕ್ಕಾಲು. ಫ್ರಿಜ್‌ಗೆ ಒಂದು ಯೂನಿಟ್ ಇಡಿ. ಟಿವಿ, ಮಿಕ್ಸಿ, ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಮೋಟಾರು ಅರ್ಧ ಗಂಟೆ, ಎಲ್ಲ ಸೇರಿ ಇನ್ನೊಂದು ಯೂನಿಟ್ ಒಳಗೆ. ಫ್ಯಾನು ಬದಲಿಸಿದ ಮನೆಯ ಖರ್ಚು ದಿನಕ್ಕೆ ಮೂರು ಯೂನಿಟ್ ದಾಟುವುದಿಲ್ಲ. ಗೀಸರ್, ಇಂಡಕ್ಷನ್ ಸೇರಿಸಿದರೆ ಏಳಕ್ಕೆ ಏರುತ್ತದೆ.

ನಿಮ್ಮ ಮನೆಯ ಲೆಕ್ಕಕ್ಕೆ ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದಿಡಿ. ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಮೀಟರ್ ನೋಡಿ ಬರೆದುಕೊಳ್ಳಿ. ಹಗಲು ಎಷ್ಟು, ರಾತ್ರಿ ಎಷ್ಟು ಅನ್ನುವುದು ಮುಂದೆ ಬ್ಯಾಟರಿ ಮಾತು ಬಂದಾಗ ಬೇಕಾಗುತ್ತದೆ.

ಸೌದೆಯನ್ನು ಒಣಗಿಸುವುದೇ ದೊಡ್ಡ ಕೆಲಸ

ಒಲೆ ಹೊಗೆಯಾಡಿದರೆ ಎಲ್ಲರೂ ಒಲೆಯನ್ನು ಬೈಯುತ್ತಾರೆ. ತಪ್ಪು ಬಹಳ ಸಲ ಸೌದೆಯದು. ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಒಲೆಗಿಟ್ಟರೆ ಬೆಂಕಿ ಮೊದಲು ಆ ನೀರನ್ನು ಕುದಿಸಬೇಕು, ಆಮೇಲೆ ನಿಮ್ಮ ಹಂಡೆಯನ್ನು. ನೀರಿನ ಪಾಲು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಆಗುವವರೆಗೂ ಒಣಗಿಸಿ. ಎರಡು ತುಂಡು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು, ಕೊಯ್ದ ತುದಿಯಲ್ಲಿ ಬಿರುಕು ಕಾಣಬೇಕು, ತೊಗಟೆ ತಾನಾಗಿ ಬಿಡಬೇಕು.

ದಪ್ಪ ಕೊರಡನ್ನು ಹಸಿಯಿದ್ದಾಗಲೇ ಸೀಳಿ. ತೊಗಟೆಯೊಳಗಿಂದ ನೀರು ಬೇಗ ಆಚೆ ಬರುವುದಿಲ್ಲ. ನೆಲಕ್ಕೆ ಎರಡು ಸಾಲು ಇಟ್ಟಿಗೆ ಹಾಕಿ ಅದರ ಮೇಲೆ ಒಟ್ಟಿ. ಮೇಲ್ಭಾಗ ಮಾತ್ರ ಶೀಟ್ ಮುಚ್ಚಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಟಾರ್ಪಾಲಿನಲ್ಲಿ ಸುತ್ತಿ ಕಟ್ಟಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ಈ ಕೆಲಸ ಮುಗಿಯಬೇಕು. ಮಳೆಗಾಲದಲ್ಲಿ ಬಿಸಿಲೂ ಇಲ್ಲ, ಸೌದೆಯೂ ಹಸಿ ಅಂತಾದರೆ ಎರಡೂ ಕಡೆ ಕೈಕೊಟ್ಟಂತೆ.

ಮರ ಕಡಿಯದೇ ಸಿಗುವ ಸೌದೆ ನಮ್ಮಲ್ಲಿ ಬೇಕಾದಷ್ಟಿದೆ. ತೆಂಗಿನ ಮರ ವರ್ಷಕ್ಕೆ ಹನ್ನೆರಡರಷ್ಟು ಗರಿ ಉದುರಿಸುತ್ತದೆ. ಇಪ್ಪತ್ತು ಮರ ಇದ್ದವರಿಗೆ ಮೂರು ದಿನಕ್ಕೆ ಎರಡು ಎಡೆಮಟ್ಟೆ ಸಿಕ್ಕಿತು, ಜೊತೆಗೆ ಹೊಂಬಾಳೆ, ಚಿಪ್ಪು. ಕಾಯಿ ಮಟ್ಟೆ ಕೇಳಬೇಡಿ, ಎಳನೀರು ಕಿತ್ತು ಮದ್ದೂರು ಮಾರ್ಕೆಟ್ಟಿಗೆ ಕಳಿಸುವವರ ಮಟ್ಟೆ ಲಾರಿ ಹತ್ತಿ ಹೋಗಿರುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ರಾಶಿ ಬೀಳುತ್ತದೆ. ಬೇಗ ಒಣಗುತ್ತದೆ, ಚೆನ್ನಾಗಿ ಉರಿಯುತ್ತದೆ, ಮುದ್ದೆಗೆ ಎಸರಿಡಲು ಅದಕ್ಕಿಂತ ಒಳ್ಳೆಯದು ಬೇಡ. ಕಬ್ಬಿನ ತರಗನ್ನು ಮಾತ್ರ ಒಲೆಗೆ ತರಬೇಡಿ. ಭಗ್ಗನೆ ಉರಿದು ಮುಗಿಯುತ್ತದೆ. ಹೊಲದಲ್ಲೇ ಮುಚ್ಚಿಗೆಯಾಗಿ ಬಿದ್ದಿರಲಿ. ಹೊಸದಾಗಿ ನೆಡುವವರು ಬದುವಿಗೆ ಗ್ಲಿರಿಸಿಡಿಯಾ ನೆಡಿ. ಸೊಪ್ಪು ಗೊಬ್ಬರಕ್ಕಾಯಿತು, ಕೊಂಬೆ ಒಲೆಗಾಯಿತು, ಕಡಿದಷ್ಟೂ ಚಿಗುರುತ್ತದೆ.

ಒಲೆ ಕಟ್ಟುವುದು

ಸೌದೆ ಒಲೆಯನ್ನು ಹೊಗಳುವವರು ಸಾಮಾನ್ಯವಾಗಿ ಗಂಡಸರು, ಅದರ ಹೊಗೆ ಕುಡಿಯುವವರು ಹೆಂಗಸರು. ಹಾಗಾಗಿ ಇದನ್ನು ನೇರವಾಗಿ ಹೇಳಿಬಿಡುತ್ತೇನೆ: ಹೊಗೆ ಕೊಳವೆ ಇಲ್ಲದ ಒಲೆಯನ್ನು ಮನೆಯೊಳಗೆ ಇಡಲೇಬೇಡಿ.

ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತು ಪಾಲಿನಲ್ಲಿ ಒಂದೋ ಒಂದೂವರೆಯೋ ಪಾತ್ರೆಗೆ ಸೇರುತ್ತದೆ. ಉಳಿದದ್ದು ಗಾಳಿಪಾಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ತಂಡ 1980ರ ದಶಕದಲ್ಲಿ ಹಳ್ಳಿ ಮನೆಗಳಿಗಾಗಿಯೇ ಒಂದು ಒಲೆ ರೂಪಿಸಿತು. ಅದೇ ಅಸ್ತ್ರ ಒಲೆ. ಚೆನ್ನಾಗಿ ಕಟ್ಟಿದರೆ ಮೂರು ಪಾಲು ಶಾಖ ಪಾತ್ರೆಗೆ ದಕ್ಕುತ್ತದೆ. ಹಿಂದಿನ ತಲೆಮಾರಿನ ಎಷ್ಟೋ ಮನೆಗಳಲ್ಲಿ ಇತ್ತು. ಗ್ಯಾಸ್ ಬಂದ ಮೇಲೆ ಒಡೆದು ಹಾಕಿದರು.

ಅದರ ಕೀಲು ಮೂರು ಕಡೆ ಇದೆ. ಒಂದು, ಬೆಂಕಿ ನೆಲದ ಮೇಲಲ್ಲ, ಕಬ್ಬಿಣದ ಸರಳಿನ ಜಾಲರಿ ಮೇಲೆ ಉರಿಯುತ್ತದೆ. ಕೆಳಗಿನ ಬಾಯಿಂದ ಗಾಳಿ ಮೇಲೇರುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಊದುಗೊಳವೆ ಹಿಡಿದು ಕೂರುವ ಕೆಲಸವಿಲ್ಲ. ಎರಡು, ಪಾತ್ರೆ ಒಲೆಯ ಮೇಲೆ ಕೂರದೆ ಗುಂಡಿಯೊಳಗೆ ಇಳಿದು ಕೂರುತ್ತದೆ, ಸುತ್ತ ಹೊಗೆ ಆಚೆ ಬರದಂತೆ. ಮೂರು, ಬಿಸಿಗಾಳಿ ನೇರ ಕೊಳವೆಗೆ ಹೋಗದೆ ಎರಡನೇ, ಮೂರನೇ ಪಾತ್ರೆಯ ಕೆಳಗೆ ಹಾದು ಹೋಗುತ್ತದೆ. ಮೊದಲ ಪಾತ್ರೆಯಲ್ಲಿ ಮುದ್ದೆ, ಎರಡರಲ್ಲಿ ಸಾರು, ಮೂರರಲ್ಲಿ ಪಾತ್ರೆ ತೊಳೆಯುವ ಬಿಸಿನೀರು.

ಇಟ್ಟಿಗೆ, ಜೇಡಿಮಣ್ಣು, ಸಗಣಿ, ಭತ್ತದ ಹೊಟ್ಟು ಇದ್ದರೆ ಒಲೆ ಆಗುತ್ತದೆ. ಹುತ್ತದ ಮಣ್ಣು ಇನ್ನೂ ಗಟ್ಟಿ, ಆದರೆ ನಾಗರಪೂಜೆ ಮಾಡುವ ಹುತ್ತಕ್ಕೆ ಕೈಹಾಕಲು ಮನೆಯವರು ಬಿಡುವುದಿಲ್ಲ ಅನ್ನಿ. ಜಾಲರಿಗೂ ಪಾತ್ರೆಯ ತಳಕ್ಕೂ ನಡುವೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಜಾಗವಿರಲಿ. ಸೌದೆ ತುರುಕುವ ಬಾಯಿ ಚಿಕ್ಕದಿರಲಿ. ಬಾಯಿ ದೊಡ್ಡದಾದರೆ ತಣ್ಣನೆ ಗಾಳಿ ನುಗ್ಗಿ ಬೆಂಕಿಯನ್ನು ತಣಿಸುತ್ತದೆ. ಹೊಗೆ ಕೊಳವೆ ಛಾವಣಿಗಿಂತ ಮೂರು ಅಡಿ ಎತ್ತರ ಹೋಗಲಿ, ತುದಿಗೆ ಮಳೆ ಟೋಪಿ ಇರಲಿ. ಎರಡು ವಾರ ನೆರಳಲ್ಲಿ ಒಣಗಲು ಬಿಟ್ಟು, ಮೊದಲು ಸಣ್ಣ ಕಡ್ಡಿಗಳಿಂದ ಉರಿಸಿ. ಅವಸರ ಮಾಡಿದರೆ ಸೀಳು ಬಿಡುತ್ತದೆ.

ಗ್ಯಾಸ್ ಸಿಲಿಂಡರ್ ವಾಪಸ್ ಕೊಡಬೇಕಿಲ್ಲ. ಬೆಳಗಿನ ಕಾಫಿಗೆ ಒಲೆ ಹಚ್ಚಿ ಅಂತ ಹೇಳುವವರ ಮಾತು ಕೇಳಬೇಡಿ.

ಬಚ್ಚಲ ಹಂಡೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲು ಸರಿಮಾಡಬೇಕಾದದ್ದು ಇದೇ. ತೆರೆದ ಒಲೆ ಮೇಲಿನ ಹಂಡೆ 100 ಲೀಟರ್ ನೀರಿಗೆ ನಾಲ್ಕೈದು ಕಿಲೋ ಸೌದೆ ತಿನ್ನುತ್ತದೆ. ಹಂಡೆಯ ಸುತ್ತ ಎರಡು ಬೆರಳು ಜಾಗ ಬಿಟ್ಟು ಇಟ್ಟಿಗೆ ಗೋಡೆ ಕಟ್ಟಿ, ಜಾಲರಿ, ಕೊಳವೆ ಕೊಟ್ಟರೆ ಎರಡು, ಎರಡೂವರೆ ಕಿಲೋದಲ್ಲಿ ಕೆಲಸ ಮುಗಿಯುತ್ತದೆ. ಹಂಡೆಗೆ ಮುಚ್ಚಳ ಮರೆಯಬೇಡಿ. ಒಲೆಯ ಬಾಯಿ ಬಚ್ಚಲಿನ ಆಚೆ ಇರಲಿ. ಕೆಂಡ ಉಳಿದ ಒಲೆ ಒಳಗಿದ್ದು ಬಾಗಿಲು ಹಾಕಿಕೊಂಡು ಸ್ನಾನ ಮಾಡಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು.

ಮೈಸೂರು ಸಿಟಿಯೊಳಗೆ, ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ಇರುವವರು ಸೌದೆ ಆಸೆ ಬಿಡಿ. ನಿಮ್ಮ ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ. ಸೋಲಾರ್ ವಾಟರ್ ಹೀಟರ್ ಹಾಕಿಸಿ. ಬೋರ್‌ವೆಲ್ ಗಡಸು ನೀರಿದ್ದರೆ ಗಾಜಿನ ಕೊಳವೆಯ ಬಗೆ ವಾಸಿ. ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ.

ಈಗ ಪ್ಯಾನೆಲ್

ಇಷ್ಟಾದ ಮೇಲೆ ಕಿಲೋವಾಟ್ ಪ್ರಶ್ನೆ ಸುಲಭ. ದಿನಕ್ಕೆ ಮೂರು ಯೂನಿಟ್ ಮನೆಗೆ 1 ಕಿಲೋವಾಟ್, ಸ್ವಲ್ಪ ಕೈ ಸಡಿಲ ಇರಲಿ ಅಂದರೆ 2. ಕಿಲೋವಾಟಿಗೆ ಸುಮಾರು 100 ಚದರ ಅಡಿ ಜಾಗ. ಮುಖ ದಕ್ಷಿಣಕ್ಕೆ, ಓರೆ 12ರಿಂದ 15 ಡಿಗ್ರಿ.

ನಮ್ಮ ಕಡೆಯ ದೊಡ್ಡ ಶತ್ರು ತೆಂಗಿನ ಮರ. ಒಂದು ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಒಟ್ಟು ಕರೆಂಟು ಗಣನೀಯವಾಗಿ ಇಳಿಯುತ್ತದೆ. ಕಾಯಿ ಬಿದ್ದರಂತೂ ಗಾಜೇ ಹೋಯಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಛಾವಣಿಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಹೆಂಚಿನ ಮನೆಯವರು ಅಂಗಳದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸುವುದು ವಾಸಿ. ಏಪ್ರಿಲ್, ಮೇ ತಿಂಗಳ ಗುಡುಗು ಗಾಳಿ ಮಳೆಗೆ ಬೋಲ್ಟು, ಅರ್ಥಿಂಗು, ಸಿಡಿಲು ತಡೆ ಸರಿಯಿರಬೇಕು. ಆಲೆಮನೆ ಹತ್ತಿರದವರಿಗೆ ಮಸಿ ಬಂದು ಕೂರುವ ಕಾಟವೂ ಉಂಟು.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಇದೆ. ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನೋಂದಾಯಿತ ಗುತ್ತಿಗೆದಾರರಿಂದಲೇ ಹಾಕಿಸಬೇಕು. ಪ್ಯಾನೆಲ್‌ನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು, ಇದನ್ನು ಬರಹದಲ್ಲಿ ಕೇಳಿ ಪಡೆಯಿರಿ. ನಮ್ಮ ಜಿಲ್ಲೆಗಳಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದವರು ಎರಡು ದಿಕ್ಕಿನ ಮೀಟರ್ (ಲೈನಿಂದ ಬರುವ, ಲೈನಿಗೆ ಹೋಗುವ ಕರೆಂಟು ಎರಡನ್ನೂ ಅಳೆಯುವಂಥದ್ದು) ಕೂರಿಸಿ ಚಾಲೂ ಮಾಡಿದ ಮೇಲೆ ಹಣ ಖಾತೆಗೆ ಬರುತ್ತದೆ.

ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಮನೆಯವರು ಒಂದು ನಿಮಿಷ ನಿಲ್ಲಿ. ಇಲ್ಲದ ಬಿಲ್ಲನ್ನು ಪ್ಯಾನೆಲ್ ಉಳಿಸಲಾರದು. ನಿಮ್ಮ ದುಡ್ಡು ಸದ್ಯಕ್ಕೆ ಒಲೆಗೆ, ಹಂಡೆಗೆ ಹೋದರೆ ಸಿಲಿಂಡರ್ ಖರ್ಚಾದರೂ ಇಳಿಯುತ್ತದೆ.

ಬ್ಯಾಟರಿ ಬೇಕಾ?

ಬರೀ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಮಟಮಟ ಮಧ್ಯಾಹ್ನವಾದರೂ ಸರಿ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಛಾವಣಿಯ ಕರೆಂಟು ಹೊಡೆಯಬಾರದು ಅಂತ ಈ ಏರ್ಪಾಟು. ಎಷ್ಟೋ ಜನರಿಗೆ ಇದು ಹಾಕಿಸಿದ ಮೇಲೆ ಗೊತ್ತಾಗುತ್ತದೆ. ಕರೆಂಟ್ ಹೋದಾಗಲೂ ಬೇಕು ಅಂದರೆ ಲೈನು, ಬ್ಯಾಟರಿ ಎರಡರ ಜೊತೆಗೂ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಬೇಕು.

12 ವೋಲ್ಟ್, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯಲ್ಲಿ ಇರುವುದು 1.8 ಯೂನಿಟ್. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಮೂರು ಬಿಎಲ್‌ಡಿಸಿ ಫ್ಯಾನು, ನಾಲ್ಕು ಬಲ್ಬಿಗೆ ಅಷ್ಟರಲ್ಲಿ ಐದಾರು ಗಂಟೆ ಬರುತ್ತದೆ. ಲಿಥಿಯಂ ಆದರೆ ಹೆಚ್ಚು ಭಾಗ ಬಳಸಬಹುದು, ಬೆಲೆಯೂ ಹೆಚ್ಚು. ಅಪರೂಪಕ್ಕೆ ಒಂದೆರಡು ಗಂಟೆ ಕರೆಂಟ್ ಹೋಗುವ ಊರಿನವರು ಒಂದು ಸಣ್ಣ ಬ್ಯಾಟರಿಗೆ ನಿಲ್ಲಿಸಿ. ತೋಟದ ಮನೆಯಲ್ಲಿ ಲೈನೇ ಇಲ್ಲದವರು ಮೋಡದ ಎರಡು ದಿನಕ್ಕಾಗುವಷ್ಟು ಲೆಕ್ಕ ಹಾಕಿ ಕೊಳ್ಳಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮೈಸೂರಿನ ಆಕಾಶ ಮುಸುಕು ಹಾಕಿಕೊಂಡೇ ಇರುತ್ತದೆ.

ಇನ್ನು ನಿಗಾ. ಹೊಗೆ ಕೊಳವೆಯ ಮಸಿಯನ್ನು ತಿಂಗಳಿಗೊಮ್ಮೆ ತೆಂಗಿನ ನಾರಿನ ಕುಂಚ ಕಟ್ಟಿದ ಹಗ್ಗ ಇಳಿಸಿ ತೆಗೆಯಿರಿ. ಪ್ಯಾನೆಲ್ ಅನ್ನು ಬೆಳಿಗ್ಗೆ ತಣ್ಣಗಿರುವಾಗ ತೊಳೆಯಿರಿ. ಬೋರ್‌ವೆಲ್ ನೀರಾದರೆ ಕೂಡಲೇ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಬಿಳಿ ಕಲೆ ಕೂರುತ್ತದೆ. ಬೂದಿಯನ್ನು ಎರಡು ದಿನ ತಗಡಿನ ಡಬ್ಬಿಯಲ್ಲಿ ಆರಲು ಬಿಟ್ಟು ತೆಂಗಿನ ಪಾತಿಗೆ ಹಾಕಿ. ಅದರಲ್ಲಿರುವ ಪೊಟ್ಯಾಶ್ ಮರಕ್ಕೇ ವಾಪಸ್ ಸೇರುತ್ತದೆ.