ಟಾಸ್ಕ್ ಮ್ಯಾನೇಜರ್‌ನಲ್ಲಿ ಗುರುತಿಲ್ಲದ ಹೆಸರು ಕಂಡರೆ ಏನು ಮಾಡಬೇಕು?

ಯಾವ ಕೆಲಸವನ್ನೂ ಕೊಡದೆ ಮೇಜಿನ ಮೇಲಿಟ್ಟ ಲ್ಯಾಪ್‌ಟಾಪ್‌ನ ಫ್ಯಾನ್ ಇದ್ದಕ್ಕಿದ್ದಂತೆ ಜೋರಾಗಿ ತಿರುಗತೊಡಗಿದಾಗ, ವಿಂಡೋಸ್ ಬಳಸುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆಯುವುದು ಸರಿಯಾದ ಕ್ರಮವೇ. ತೊಂದರೆ ಶುರುವಾಗುವುದು ಅದರ ನಂತರ. ಎಂದೂ ಕೇಳಿರದ ಹತ್ತಾರು ಹೆಸರುಗಳ ಪಟ್ಟಿಯಲ್ಲಿ ಅನುಮಾನ ಬಂದ ಒಂದನ್ನು ಆರಿಸಿ ‘ಎಂಡ್ ಟಾಸ್ಕ್’ ಒತ್ತಿಬಿಡುವ ಅಭ್ಯಾಸ ಹಲವರಿಗಿದೆ. ವಿಂಡೋಸ್‌ನ ಬುಡಕ್ಕೇ ಸೇರಿದ ಸಿಎಸ್‌ಆರ್‌ಎಸ್‌ಎಸ್‌ನಂಥ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಅನ್ನು ಹೀಗೆ ನಿಲ್ಲಿಸಿದರೆ ಇಡೀ ಕಂಪ್ಯೂಟರ್ ಕುಸಿದು, ಉಳಿಸದೆ ಇದ್ದ ಕೆಲಸವೆಲ್ಲ ಹೋಗುತ್ತದೆ. ಹೆಸರು ನೋಡಿ ತೀರ್ಮಾನಿಸುವ ಮೊದಲು ಆ ಫೈಲ್ ಎಲ್ಲಿದೆ, ಅದಕ್ಕೆ ಡಿಜಿಟಲ್ ಸಹಿ (ತಯಾರಕರ ಗುರುತಿನ ಮುದ್ರೆ) ಹಾಕಿದವರು ಯಾರು, ಅದನ್ನು ಚಾಲೂ ಮಾಡಿದ್ದು ಯಾವುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಮೊದಲಿಗೆ ‘ಸಿಪಿಯು’ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಕೆಲಸ ಮಾಡುತ್ತಿರುವುದು ಮೇಲೆ ಬರುತ್ತದೆ. ಅಲ್ಲಿ ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಇದ್ದರೆ ಅದು ಅಪ್‌ಡೇಟ್‌ನ ಕೆಲಸ; ‘ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ ಇದ್ದರೆ ಅದು ಮೈಕ್ರೋಸಾಫ್ಟ್ ಡಿಫೆಂಡರ್‌ನ ತಪಾಸಣೆ. ಕಳೆದ ಬೇಸಿಗೆಯಲ್ಲಿ ಎರಡು ವಾರ ಊರಿನಲ್ಲಿದ್ದು ಮರಳಿ ಬಂದು ಲ್ಯಾಪ್‌ಟಾಪ್ ತೆರೆದಾಗ ಇವೆರಡೂ ಸೇರಿ ಯಂತ್ರವನ್ನು ಕೈ ಇಡಲಾಗದಷ್ಟು ಬಿಸಿ ಮಾಡಿದ್ದವು. ಚಾರ್ಜರ್ ಹಾಕಿ ಹಾಗೆಯೇ ಬಿಟ್ಟೆ, ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ತಣ್ಣಗಾಯಿತು. ಇಂಥ ಸಂದರ್ಭದಲ್ಲಿ ಕಾಯುವುದೇ ಪರಿಹಾರ. ‘ಡೀಟೇಲ್ಸ್’ ಪುಟದಲ್ಲಿ ‘ಸಿಸ್ಟಮ್ ಐಡಲ್ ಪ್ರೊಸೆಸ್’ ಎಂಬುದರ ಮುಂದೆ 95 ಎಂದಿದ್ದರೆ ಗಾಬರಿಯಾಗಬೇಕಿಲ್ಲ. ಪ್ರೊಸೆಸರ್ ಅಷ್ಟರಮಟ್ಟಿಗೆ ಬಿಡುವಾಗಿದೆ ಎಂದೇ ಅದರ ಅರ್ಥ.

ಹೆಚ್ಚು ಜನರನ್ನು ಹೆದರಿಸುವ ಹೆಸರು ಎಸ್‌ವಿಸಿಹೋಸ್ಟ್, ಅಂದರೆ ‘ಸರ್ವಿಸ್ ಹೋಸ್ಟ್’. ವಿಂಡೋಸ್‌ನ ಅನೇಕ ಸೇವೆಗಳು ತಾವಾಗಿ ಓಡಬಲ್ಲ ಪ್ರೋಗ್ರಾಮ್‌ಗಳಲ್ಲ. ಅವುಗಳಿಗೆ ಆಸರೆ ಕೊಟ್ಟು ನಡೆಸುವ ಮನೆ ಇದು. ಹಿಂದೆ ಒಂದೇ ಮನೆಯಲ್ಲಿ ಹಲವು ಸೇವೆಗಳು ಒಟ್ಟಿಗೆ ಇರುತ್ತಿದ್ದವು. 2017ರಲ್ಲಿ ಬಂದ ವಿಂಡೋಸ್ 10ರ 1703 ಆವೃತ್ತಿಯಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಯಂತ್ರಗಳಲ್ಲಿ ಬಹುತೇಕ ಸೇವೆಗಳಿಗೆ ಪ್ರತ್ಯೇಕ ಮನೆ ಮಾಡಿಕೊಡಲಾಗಿದೆ. ಒಂದು ಸೇವೆ ಕೆಟ್ಟರೆ ಉಳಿದವು ಬೀಳದಿರಲಿ ಎಂಬುದು ಇದರ ಉದ್ದೇಶ. ಆದ್ದರಿಂದ ಪಟ್ಟಿಯಲ್ಲಿ ಇದೇ ಹೆಸರು ಐವತ್ತು ಸಲ ಕಂಡರೂ ಅದಷ್ಟೇ ವೈರಸ್‌ನ ಲಕ್ಷಣವಾಗುವುದಿಲ್ಲ. ‘ಡೀಟೇಲ್ಸ್’ ಪುಟದಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಸೇವೆಗಳಿಗೆ ಹೋಗುವ ಆಯ್ಕೆ ಒತ್ತಿದರೆ ಒಳಗೆ ಯಾವ ಸೇವೆ ಇದೆ ಎಂಬುದು ತಿಳಿಯುತ್ತದೆ.

ಹಾಗೆಂದು ಈ ಹೆಸರನ್ನು ಕುರುಡಾಗಿ ನಂಬುವಂತೆಯೂ ಇಲ್ಲ, ಏಕೆಂದರೆ ಕಳ್ಳ ಪ್ರೋಗ್ರಾಮ್ ಬರೆಯುವವರು ವೇಷಕ್ಕೆ ಆರಿಸಿಕೊಳ್ಳುವುದೂ ಇಂಥ ಹೆಸರನ್ನೇ. ಎಲ್‌ಎಸ್‌ಎಎಸ್‌ಎಸ್ ಎಂಬ ಭದ್ರತಾ ಪ್ರೊಸೆಸ್‌ನ ಹೆಸರಿನಲ್ಲಿ ಮೊದಲಿನ ಸಣ್ಣ ‘ಎಲ್’ ಬದಲು ದೊಡ್ಡ ‘ಐ’ ಇಟ್ಟರೆ ಪರದೆಯ ಮೇಲೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದ್ದರಿಂದ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ನಿಜವಾದ ಎಸ್‌ವಿಸಿಹೋಸ್ಟ್ ಇರುವುದು ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32ರಲ್ಲಿ (32 ಬಿಟ್‌ನ ಪ್ರತಿ ಸಿಸ್‌ವಾವ್64ರಲ್ಲಿ). ನಮ್ಮ ಬೀದಿಯ ಡಿಟಿಪಿ ಅಂಗಡಿಯವರು ಕಂಪ್ಯೂಟರ್ ನಿಧಾನವಾಗಿದೆ ಎಂದು ಕರೆದಾಗ ನೋಡಿದ ಎಸ್‌ವಿಸಿಹೋಸ್ಟ್ ತೆರೆದುಕೊಂಡದ್ದು ಬಳಕೆದಾರರ ಹೆಸರಿನಡಿಯ ಆ್ಯಪ್‌ಡೇಟಾ ಫೋಲ್ಡರಿನಲ್ಲಿ, ಮದುವೆ ಆಮಂತ್ರಣ ಪತ್ರಿಕೆಗಳ ತಾತ್ಕಾಲಿಕ ಫೈಲ್‌ಗಳ ಮಧ್ಯೆ. ಅದು ನಕಲಿ ಎನ್ನಲು ಆ ಜಾಗವೊಂದೇ ಸಾಕಾಗಿತ್ತು.

ಸಹಿಯನ್ನು ಫೈಲಿನ ‘ಪ್ರಾಪರ್ಟೀಸ್’ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬಲ್ಲಿ ನೋಡಬಹುದು. ಆದರೆ ವಿಂಡೋಸ್‌ನ ತನ್ನದೇ ಅನೇಕ ಫೈಲ್‌ಗಳ ಸಹಿ ಬೇರೊಂದು ಕ್ಯಾಟಲಾಗ್ ಫೈಲಿನಲ್ಲಿರುತ್ತದೆ. ಅಂಥವುಗಳಲ್ಲಿ ಈ ಪುಟವೇ ಕಾಣದು. ಹೀಗಾಗಿ ಪುಟ ಕಾಣಲಿಲ್ಲವೆಂದು ಸಿಸ್ಟಮ್32ರ ಫೈಲ್ ಅಳಿಸಲು ಹೋಗಬಾರದು. ಇದಕ್ಕಿಂತ ಭರವಸೆಯ ಸಾಧನವೆಂದರೆ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ಪ್ರೊಸೆಸ್ ಎಕ್ಸ್‌ಪ್ಲೋರರ್’. ತಂತ್ರಜ್ಞ ಮಾರ್ಕ್ ರುಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್ ಸಂಸ್ಥೆಯ ಸಾಧನಗಳಲ್ಲಿ ಇದೂ ಒಂದು. ಆ ಸಂಸ್ಥೆಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು. ಇದು ಸಹಿಗಳನ್ನು ಕ್ಯಾಟಲಾಗ್ ಸಮೇತ ಪರಿಶೀಲಿಸುವುದಲ್ಲದೆ ಯಾವ ಪ್ರೊಸೆಸ್ ಯಾವುದರಿಂದ ಹುಟ್ಟಿತು ಎಂಬುದನ್ನು ವಂಶವೃಕ್ಷದಂತೆ ತೋರಿಸುತ್ತದೆ. ಅಸಲಿ ಎಸ್‌ವಿಸಿಹೋಸ್ಟ್ ಸಾಮಾನ್ಯವಾಗಿ ‘ಸರ್ವಿಸಸ್’ ಎಂಬ ಪ್ರೊಸೆಸ್‌ನ ಮಗು; ಅದು ವರ್ಡ್‌ನ ಅಡಿಯಲ್ಲೋ ಬ್ರೌಸರ್‌ನ ಅಡಿಯಲ್ಲೋ ಕಂಡರೆ ಅನುಮಾನಕ್ಕೆ ಬಲವಾದ ಕಾರಣವಿದೆ.

ಇದೇ ಸಾಧನದ ‘ಆಪ್ಷನ್ಸ್’ ಮೆನುವಿನಲ್ಲಿ ವೈರಸ್‌ಟೋಟಲ್ ಎಂಬ ತಪಾಸಣಾ ತಾಣದ ಆಯ್ಕೆಯನ್ನು ಹಾಕಿದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆಯನ್ನು ಅಲ್ಲಿಗೆ ಕಳುಹಿಸಿ, ಎಷ್ಟು ಆ್ಯಂಟಿವೈರಸ್‌ಗಳು ಅದನ್ನು ಹಾನಿಕಾರಕ ಎಂದಿವೆ ಎಂದು ತೋರಿಸುತ್ತದೆ. ಒಂದೆರಡು ಮಾತ್ರ ಹಾಗೆಂದರೆ ಅದು ತಪ್ಪು ಎಚ್ಚರಿಕೆಯೂ ಆಗಿರಬಹುದು. ಕನ್ನಡ ಟೈಪಿಂಗ್‌ಗೆ ಬಳಸುವ ನುಡಿ, ಬರಹದಂಥ ತಂತ್ರಾಂಶಗಳು ನಾವು ಒತ್ತುವ ಪ್ರತಿ ಕೀಲಿಯನ್ನೂ ಹಿಡಿದು ಕನ್ನಡ ಅಕ್ಷರವಾಗಿಸಬೇಕು. ಕೀಲಿ ಕದಿಯುವ ಪ್ರೋಗ್ರಾಮ್ ಹಿಡಿಯುವುದೂ ಅದನ್ನೇ, ಹೀಗಾಗಿ ಇವುಗಳ ಮೇಲೂ ತಪ್ಪು ಅನುಮಾನ ಬರಬಹುದು. ಆದರೆ ನುಡಿ, ಬರಹದಂಥವು ಹಿನ್ನೆಲೆಯಲ್ಲಿ ಇರಲೇಬೇಕಾದವು. ಅಧಿಕೃತ ತಾಣದಿಂದ ಇಳಿಸಿಕೊಂಡ ಪ್ರತಿಯೇ ಎಂದು ಖಚಿತಪಡಿಸಿಕೊಂಡು ಬಿಟ್ಟುಬಿಡಿ.

ಅಸಲಿಯಾದರೂ ಭಾರವಾಗಿರುವ ಪ್ರೋಗ್ರಾಮನ್ನು ಪದೇ ಪದೇ ಕೊಲ್ಲುವ ಬದಲು ‘ಸ್ಟಾರ್ಟ್‌ಅಪ್’ ಪುಟದಲ್ಲಿ ‘ಡಿಸೇಬಲ್’ ಮಾಡಿ. ನಕಲಿ ಎಂದು ಖಚಿತವಾದರೆ ಮೊದಲು ಇಂಟರ್ನೆಟ್ ಕಡಿದು, ಡಿಫೆಂಡರ್‌ನ ‘ಆಫ್‌ಲೈನ್ ಸ್ಕ್ಯಾನ್’ ನಡೆಸಿ. ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆಯಾಗುವುದರಿಂದ ಕಳ್ಳನಿಗೆ ಅಡಗಲು ಅವಕಾಶ ಕಡಿಮೆ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಶುದ್ಧೀಕರಣ ಸಾಧನಗಳನ್ನೂ ಒದಗಿಸುತ್ತಿದೆ. ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬೇರೊಂದು ಯಂತ್ರದಿಂದಲೇ ಬದಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಡಿಟಿಪಿ ಅಂಗಡಿಯ ಯಂತ್ರದಲ್ಲಿ ಸ್ಕ್ಯಾನ್ ಮುಗಿದು ನಕಲಿ ಫೈಲ್ ಹೋಗಿದ್ದರೂ ಮರುದಿನ ಬೆಳಿಗ್ಗೆ ಅದೇ ಹೆಸರು ಮತ್ತೆ ಹಾಜರಿತ್ತು. ಪ್ರೋಗ್ರಾಮ್‌ಗಳನ್ನು ತಾನಾಗಿ ಓಡಿಸುವ ‘ಟಾಸ್ಕ್ ಶೆಡ್ಯೂಲರ್’ ತೆರೆದಾಗ, ಲಾಗಿನ್ ಆದೊಡನೆ ಆ ಫೈಲನ್ನು ಮತ್ತೆ ಇಳಿಸಿ ಓಡಿಸುವ ಒಂದು ಸಾಲು ಅಲ್ಲಿ ಸಿಕ್ಕಿತು. ಅದನ್ನು ಅಳಿಸಿ, ಇನ್ನೊಮ್ಮೆ ಆಫ್‌ಲೈನ್ ಸ್ಕ್ಯಾನ್ ಮಾಡಿದ ನಂತರ ಅದು ತಿರುಗಿ ಬರಲಿಲ್ಲ.