ಕಾಲಲ್ಲಿರುವುದು ಸಿಮೆಂಟ್, ಎಲುಬಲ್ಲ

ಕಬ್ಬಿನ ಹಂಗಾಮು ಶುರುವಾದರೆ ವಿಜಯಪುರದ ನಮ್ಮ ಎಲುಬಿನ ವಾರ್ಡಿಗೆ ಟ್ರ್ಯಾಕ್ಟರ್ ಅಡಿ ಸಿಕ್ಕವರು ಬರುತ್ತಾರೆ. ಕೆಲವರ ಮೊಣಕಾಲ ಕೆಳಗೆ ನಾಲ್ಕೈದು ಸೆಂಟಿಮೀಟರ್ ಎಲುಬೇ ಉಳಿದಿರುವುದಿಲ್ಲ. ಅಷ್ಟು ದೊಡ್ಡ ಸಂದು ತಾನಾಗಿ ಕೂಡುವುದಿಲ್ಲ. ಫ್ರಾನ್ಸಿನ ಸರ್ಜನ್ ಮಾಸ್ಕಲೆ 1980ರ ದಶಕದಲ್ಲಿ ರೂಪಿಸಿದ ಎರಡು ಆಪರೇಷನ್ನಿನ ದಾರಿ ಇದಕ್ಕಿದೆ. ಎರಡರ ನಡುವೆ, ಮನೆಯಲ್ಲಿ, ಜನ ಎಡವುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹಂತ ಡಾಕ್ಟರದ್ದು. ಸತ್ತ ಎಲುಬು ತೆಗೆದು, ರಾಡ್ ಅಥವಾ ಪ್ಲೇಟ್ ಹಾಕಿ, ಸಂದಿಗೆ ಸಿಮೆಂಟ್ ತುಂಬುತ್ತಾರೆ. ಮನೆ ಕಟ್ಟುವ ಸಿಮೆಂಟ್ ಅಲ್ಲ, ಅದೊಂದು ಅಕ್ರಿಲಿಕ್ ಪ್ಲಾಸ್ಟಿಕ್. ಸೋಂಕಿನ ಭಯವಿದ್ದರೆ ಅದರಲ್ಲೇ ಆ್ಯಂಟಿಬಯೋಟಿಕ್ ಕಲಸಿರುತ್ತಾರೆ.

ಎರಡನೇ ಹಂತ ನಿಮ್ಮದು, ಆರರಿಂದ ಎಂಟು ವಾರ. ಸುಮ್ನೆ ಕಾಯುವುದು ಅಂದುಕೊಳ್ಳಬೇಡಿ. ಈ ದಿನಗಳಲ್ಲಿ ಸಿಮೆಂಟಿನ ಸುತ್ತ ದೇಹ ಒಂದು ಪೊರೆ ಕಟ್ಟುತ್ತದೆ. ಅದರ ತುಂಬಾ ರಕ್ತನಾಳ, ಎಲುಬು ಬೆಳೆಸುವ ಅಂಶಗಳು. ಮುಂದೆ ಹಾಕುವ ಎಲುಬಿಗೆ ಆ ಪೊರೆಯೇ ಚೀಲ.

ಹಾಗಾಗಿ ಗುಟ್ಕಾ, ಬೀಡಿ, ತಂಬಾಕು ಪೂರ್ತಿ ಬಂದ್. ಕಡಿಮೆ ಮಾಡುತ್ತೇನೆ ಅನ್ನುವ ಮಾತು ನಾನು ಕೇಳುವುದಿಲ್ಲ. ನಿಕೋಟಿನ್ ರಕ್ತನಾಳವನ್ನೇ ಕುಗ್ಗಿಸುತ್ತದೆ. ಶುಗರ್ ಇದ್ದರೆ ಹತೋಟಿಯಲ್ಲಿಡಿ. ಎಣ್ಣೆ ತಿಕ್ಕಿಸುವುದು, ನಾಟಿ ಪಟ್ಟಿ, ಗಾಯಕ್ಕೆ ಅರಿಶಿನ ಬೇಡವೇ ಬೇಡ. ಎಷ್ಟು ಭಾರ ಹಾಕಬಹುದು ಎಂದು ಡಾಕ್ಟರ ಬಾಯಿಂದಲೇ ಕೇಳಿ. ಜ್ವರ, ಕೀವು, ಹೊಸ ಬಾವು ಕಂಡರೆ ಅದೇ ದಿನ ದವಾಖಾನೆಗೆ ಹೊರಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಬೇರೆ. ನೋವು ಇಳಿಯುತ್ತದೆ, ಕೋಲು ಹಿಡಿದು ಹೊಲಕ್ಕೂ ಹೋಗಿ ಬರುತ್ತಾರೆ. ಆಮೇಲೆ ಫೋನ್ ಮಾಡಿದರೆ, "ಆರಾಮ ಆಗೇತ್ರಿ ಸಿಸ್ಟರ್, ಮತ್ಯಾಕ ಕೊಯ್ಸ್ಕೊಳ್ಳೋದು?" ಅಲ್ಲಿ ಎಲುಬೇ ಇಲ್ಲ, ಭಾರ ಹೊರುತ್ತಿರುವುದು ರಾಡ್. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುತ್ತದೆ, ಅಲ್ವಾ? ಎರಡು ವರ್ಷ ಬಿಟ್ಟು ಬಂದ ಒಬ್ಬರ ಎಕ್ಸ್‌ರೇಯಲ್ಲಿ ರಾಡ್ ಎರಡು ತುಂಡಾಗಿತ್ತು. ಡಿಸ್ಚಾರ್ಜ್ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಎರಡನೇ ಆಪರೇಷನ್ನಿನ ತಾರೀಖಿಗೆ ಕೆಂಪು ಗೆರೆ ಎಳೆಯಿರಿ.

ಆ ದಿನ ಪೊರೆ ಸೀಳಿ, ಸಿಮೆಂಟ್ ತೆಗೆದು, ನಿಮ್ಮದೇ ಸೊಂಟದ ಎಲುಬಿನ ಚೂರು ತುಂಬಿ ಹೊಲಿಯುತ್ತಾರೆ. ಸಾಲದೆ ಬಂದರೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಹೈಡ್ರಾಕ್ಸಿಅಪಟೈಟ್ ಅನ್ನುವ, ಎಲುಬಿನ ಖನಿಜದಂಥದೇ ಹರಳು ಬೆರೆಸುತ್ತಾರೆ. ಸೊಂಟ ಕೊಯ್ಯುವುದು ಬೇಡ, ದುಡ್ಡು ಕೊಡುತ್ತೇವೆ, ಬರೀ ಆ ಹರಳಿನ ಪ್ಯಾಕೆಟ್ಟೇ ಹಾಕಿ ಎಂದು ಹಟ ಹಿಡಿಯುವವರಿದ್ದಾರೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ನಾನು ಹೇಳುವುದಿಷ್ಟೇ: ಒಣಗಿದ ಕಡ್ಡಿಯಿಂದ ಕಸಿ ಹಿಡಿಯುತ್ತದಾ? ಹರಳಿನಲ್ಲಿ ಜೀವಕೋಶ ಇಲ್ಲ. ಎಲುಬು ಹಬ್ಬಲು ಅದು ಹಂದರ ಅಷ್ಟೇ. ಹಾಕಿದ್ದರೆ ಪ್ಯಾಕೆಟ್ಟಿನ ಸ್ಟಿಕ್ಕರ್ ಕೇಳಿ ಪಡೆದು ಫೈಲಿಗೆ ಅಂಟಿಸಿಕೊಳ್ಳಿ.

ನಂತರ ತಿಂಗಳುಗಟ್ಟಲೆ ಎಕ್ಸ್‌ರೇ, ವ್ಯಾಯಾಮ. ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡು ಡಾಕ್ಟರು ಹೂಂ ಅಂದ ಮೇಲೆ ಕೋಲು ಬಿಡಿ.