ಕಸದ ಡಬ್ಬಿಯ ಮೇಲೆ ಬಾಳೆಹಣ್ಣಿನ ಸಿಪ್ಪೆಯ ಫೋಟೋ

ಬೌದ್ಧಿಕ ವಿಕಲತೆ ಇರುವ ದೊಡ್ಡವರು ಒಟ್ಟಿಗೆ ವಾಸ ಮಾಡುವ ಒಂದು ಮನೆಯನ್ನು ನಾನು ನೋಡಿಕೊಳ್ಳುತ್ತೇನೆ. ಆನೇಕಲ್ ಕಡೆ, ಬೋರ್‌ವೆಲ್ ನಂಬಿಕೊಂಡಿರುವ ಜಾಗ. ಇಂಥ ಮನೆಗಳಲ್ಲಿ ನೀರು, ಕರೆಂಟು, ಕಸ ಮೂರೂ ಜಾಸ್ತಿ. ರಾತ್ರಿ ಹಾಸಿಗೆ ಒದ್ದೆಯಾದರೆ ಬೆಳಿಗ್ಗೆ ಅಷ್ಟನ್ನೂ ಒಗೆಯಲೇಬೇಕು. ಇದನ್ನೆಲ್ಲ ಹೇಗೆ ಕಡಿಮೆ ಮಾಡಿದಿರಿ ಅಂತ ಬೇರೆ ಮನೆಗಳವರು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮೊದಲು ತೀರ್ಮಾನಿಸಿದ್ದು, ಈ ಕೆಲಸ ಸಿಬ್ಬಂದಿಯದಲ್ಲ, ಮನೆಯವರದ್ದೇ ಆಗಬೇಕು ಅಂತ. ಆಯಾಗಳು, ಅಡುಗೆಯವರು ಬರುತ್ತಾರೆ, ಒಳ್ಳೆಯ ಸಂಬಳ ಸಿಕ್ಕ ಕಡೆ ಹೋಗುತ್ತಾರೆ. ಮನೆಯವರು ಇಲ್ಲೇ ಇರುತ್ತಾರೆ. ಅವರಿಗೆ ಒಂದು ಕೆಲಸ ರೂಢಿಯಾದರೆ ಹೊಸ ಅಡುಗೆಯವರಿಗೆ ಅವರೇ ಕಲಿಸುತ್ತಾರೆ.

ಕಸದಿಂದ ಶುರು ಮಾಡಿದೆವು. ಹಸಿರು ಡಬ್ಬಿ, ನೀಲಿ ಡಬ್ಬಿ ಅನ್ನುವ ಪಾಠ ಎಲ್ಲರಿಗೂ ಹತ್ತುವುದಿಲ್ಲ. ಅಕ್ಷರವಂತೂ ಓದಲು ಬಾರದವರಿಗೆ ಉಪಯೋಗವಿಲ್ಲ. ಹಾಗಾಗಿ ನಮ್ಮ ಅಡುಗೆಮನೆಯಲ್ಲೇ ತೆಗೆದ ಫೋಟೋ ಅಂಟಿಸಿದೆವು. ಒಂದರ ಮೇಲೆ ಬಾಳೆಹಣ್ಣಿನ ಸಿಪ್ಪೆ, ಇನ್ನೊಂದರ ಮೇಲೆ ನಂದಿನಿ ಹಾಲಿನ ಪ್ಯಾಕೆಟ್. ಡಬ್ಬಿ ಇಟ್ಟ ಜಾಗ ಮಾತ್ರ ಬದಲಿಸಬಾರದು. ಆಟಿಸಂ ಇರುವವರಿಗೆ ಅದು ದೊಡ್ಡ ಗಲಿಬಿಲಿ.

ಹಾಲಿನ ಪ್ಯಾಕೆಟ್ಟಿನ ಕೆಲಸ ನಮ್ಮಲ್ಲಿ ಒಬ್ಬರದ್ದು. ಅವರು ಮಾತಾಡುವುದು ತೀರಾ ಕಡಿಮೆ. ಮೂಲೆಯನ್ನು ಪೂರ್ತಿ ಕತ್ತರಿಸದೆ, ಚೂರು ಅಲ್ಲೇ ನೇತಾಡುವ ಹಾಗೆ ಬಿಡುತ್ತಾರೆ. ಆ ಚೂರು ಬಿದ್ದುಹೋದರೆ ಮತ್ತೆ ಯಾರೂ ಹೆಕ್ಕುವುದಿಲ್ಲ ಅಲ್ವಾ? ಆಮೇಲೆ ಪ್ಯಾಕೆಟ್ಟಿನೊಳಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು, ತಲೆಕೆಳಗಾಗಿ ಹಗ್ಗಕ್ಕೆ ಕ್ಲಿಪ್ ಹಾಕುತ್ತಾರೆ. ಯಾರಾದರೂ ಅವಸರದಲ್ಲಿ ಮೂಲೆ ಪೂರ್ತಿ ಕತ್ತರಿಸಿದರೆ ಚೂರನ್ನು ಹುಡುಕಿ ತಂದು ಅವರ ಕೈಗಿಡುತ್ತಾರೆ. ನನ್ನ ಕೈಗೂ ಇಟ್ಟಿದ್ದಾರೆ.

ಹಸಿ ಕಸ ಗೊಬ್ಬರವಾಗುತ್ತದೆ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ. ಗುಡ್ಡೆ ದೊಡ್ಡದಿದ್ದರೆ ಒಳಗೆ 50-60 ಡಿಗ್ರಿ ಕಾವು ಬರುತ್ತದೆ. ಎಲೆ ಗುಡಿಸುವುದು, ಸುರಿಯುವುದು, ಕೆದಕುವುದು ಕೈಗೆ ಒಳ್ಳೆಯ ಕೆಲಸ. ಸಿಕ್ಕಿದ್ದನ್ನು ಬಾಯಿಗೆ ಹಾಕುವ ಅಭ್ಯಾಸ ಇರುವವರು ಇಂಥ ಮನೆಗಳಲ್ಲಿ ಇದ್ದೇ ಇರುತ್ತಾರೆ. ಅದಕ್ಕೆ ಗೊಬ್ಬರದ ತೊಟ್ಟಿಗೆ ಬೀಗ ಬೇಕು. ತೋಟದಲ್ಲಿ ಕಣಗಿಲೆ, ಹರಳು, ಉಮ್ಮತ್ತಿ ಬೇಡವೇ ಬೇಡ.

ಎಲ್ಲಕ್ಕಿಂತ ಕಷ್ಟದ್ದು ಡೈಪರ್. ಅದರಲ್ಲಿ ಪ್ಲಾಸ್ಟಿಕ್ಕೂ ಇದೆ, ನೀರು ಹೀರುವ ಜೆಲ್ ಕೂಡ ಇದೆ. ಗೊಬ್ಬರಕ್ಕೆ ಆಗುವುದಿಲ್ಲ, ಸುಡಲೂಬಾರದು. ಬಟ್ಟೆಯದ್ದು ಕಟ್ಟಿ ಅಂತ ಸಲಹೆ ಕೊಡುವವರು ಜಾಸ್ತಿ. ಮಲಗಿದಲ್ಲೇ ಇರುವವರಿಗೆ ಒದ್ದೆ ಬಟ್ಟೆ ತಾಗಿ ಚರ್ಮ ಹುಣ್ಣಾದರೆ ಆ ನೋವು ಯಾರದ್ದು? ನಾವು ಹಿಡಿದ ದಾರಿ ಬೇರೆ. ಯಾರು ಯಾವ ಹೊತ್ತಿಗೆ ಒದ್ದೆ ಮಾಡಿಕೊಳ್ಳುತ್ತಾರೆ ಅಂತ ಕೆಲವು ದಿನ ಬರೆದಿಟ್ಟೆವು. ಆಮೇಲೆ ಆ ಹೊತ್ತಿಗಿಂತ ಸ್ವಲ್ಪ ಮೊದಲೇ ಟಾಯ್ಲೆಟ್ಟಿಗೆ ಕರೆದುಕೊಂಡು ಹೋದೆವು. ಕೆಲವರಿಗೆ ಹಗಲು ಹೊತ್ತು ಡೈಪರೇ ಬೇಡವಾಯಿತು. ಅವರು ಈಗ ಒಳ್ಳೆಯ ಪ್ಯಾಂಟ್ ಹಾಕಿಕೊಂಡು ಆರಾಮಾಗಿ ಸಂತೆಗೆ ಬರುತ್ತಾರೆ. ಕಸ ಕಡಿಮೆಯಾಗಿದ್ದಕ್ಕಿಂತ ನನಗೆ ಇದೇ ಹೆಚ್ಚು ಸಂತೋಷ. ಉಳಿದ ಡೈಪರ್‌ಗಳನ್ನು ಘನತ್ಯಾಜ್ಯ ನಿಯಮ ಹೇಳುವ ಹಾಗೆ ಸುತ್ತಿ ಬೇರೆಯಾಗಿ ಕೊಡುತ್ತೇವೆ.

ಸೋಲಾರ್ ಹೀಟರ್ ಹಾಕಿಸುವವರು ಒಂದು ವಿಷಯ ಗಮನಿಸಿ. ಬಿಸಿಲು ಚೆನ್ನಾಗಿದ್ದರೆ ಟ್ಯಾಂಕಿನ ನೀರು 60 ಡಿಗ್ರಿ ದಾಟುತ್ತದೆ. ಅಷ್ಟು ಬಿಸಿ ನೀರಿಗೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಸುಡುತ್ತಿದೆ ಅಂತ ಹೇಳಲು, ಕೈ ಹಿಂದೆ ತೆಗೆಯಲು ಎಲ್ಲರಿಗೂ ಆಗುವುದಿಲ್ಲ. ನಲ್ಲಿಗೆ ಬರುವ ಮೊದಲೇ ತಣ್ಣೀರು ಬೆರೆಸಿ 40 ಡಿಗ್ರಿ ಸುಮಾರಿಗೆ ಇಳಿಸುವ ಥರ್ಮೋಸ್ಟಾಟಿಕ್ ವಾಲ್ವ್ ಹಾಕಿಸಲೇಬೇಕು. ಮಳೆನೀರಿನ ಸಂಪಿಗೂ ಅಷ್ಟೇ, ಫಿಟ್ಸ್ ಬರುವವರು ಇರುವ ಮನೆಯಲ್ಲಿ ಮುಚ್ಚಳಕ್ಕೆ ಬೀಗ ಇರಲಿ. ನೂರು ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರ್. ಸುಮ್ನೆ ಹರಿದುಹೋಗಲು ಬಿಡುವುದೇಕೆ?

ಕೆಲವು ಕಡೆ ನಾವು ಉಳಿತಾಯ ಮಾಡುವುದೇ ಇಲ್ಲ. ಮನೋರೋಗದ ಕೆಲವು ಮಾತ್ರೆಗಳು ಮೈಯ ಬಿಸಿ ಇಳಿಯದಂತೆ ಮಾಡುತ್ತವೆ. ಲಿಥಿಯಂ ತೆಗೆದುಕೊಳ್ಳುವವರ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಮಟ್ಟ ಏರುತ್ತದೆ. ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಬಿಲ್ಲಿಗಾಗಿ ಫ್ಯಾನ್ ಆರಿಸುವುದು ನಮ್ಮಲ್ಲಿಲ್ಲ. ಸ್ನಾನಕ್ಕೆ ಎಲ್ಲರೂ ಬಕೆಟ್ಟಿಗೆ ಒಪ್ಪಿಕೊಂಡರು, ಒಬ್ಬರನ್ನು ಬಿಟ್ಟು. ಅವರ ಸಿಟ್ಟು ಇಳಿಯುವುದು ಶವರ್ ಕೆಳಗೆ ನಿಂತಾಗಲೇ. ಅವರ ಶವರ್ ಹಾಗೇ ಇದೆ, ನೀರು ಬಾಳೆ ಗುಂಡಿಗೆ ಹೋಗುತ್ತದೆ. ಬಚ್ಚಲನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ದಿನ ಮಾತ್ರ ಪೈಪನ್ನು ಚರಂಡಿಗೆ ತಿರುಗಿಸುತ್ತೇವೆ.